ಸಿಟ್ಟಿನ ಮೀಟರು ಹನ್ನೊಂದಕ್ಕೆ ಇಳಿದಾಗ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಪರ್ಜನ್ಯ ಪಂಪ್ಸ್ ಕಾರ್ಖಾನೆಯ ಸಿಟ್ಟು ಹನ್ನೊಂದಕ್ಕೆ ಇಳಿದಿತ್ತು.

ಕಂಟ್ರೋಲ್ ರೂಮಿನಲ್ಲಿ ಒಬ್ಬಳೇ ಕೂತಿದ್ದ ಕಸ್ತೂರಿ ವೇಲಿನ ತುದಿಯಿಂದ ಪರದೆ ಒರೆಸಿ ಮತ್ತೊಮ್ಮೆ ನೋಡಿದಳು. ಹನ್ನೊಂದೇ. ಅವಳು ಈ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅಷ್ಟರಲ್ಲಿ ಆ ಅಂಕಿ ಇಪ್ಪತ್ತೇಳಕ್ಕಿಂತ ಕೆಳಗೆ ಬಂದದ್ದನ್ನು ಕಂಡಿರಲಿಲ್ಲ. ಆ ಇಪ್ಪತ್ತೇಳೂ ಯುಗಾದಿಯ ಮರುದಿನದ್ದು. ಹೋಳಿಗೆ ಉಂಡು ಬಂದ ಜನ ಅಂದು ನಿಂತಲ್ಲೇ ತೂಕಡಿಸುತ್ತಿದ್ದರು.

ಯಂತ್ರಕ್ಕೆ ಕಂಪನಿ ಇಟ್ಟ ಹೆಸರು 'ಶಮನ'. ಹುಬ್ಬಳ್ಳಿಯ ಕಾರ್ಮಿಕರು ಅಷ್ಟು ನಯವಾದ ಹೆಸರನ್ನು ಬಾಯಲ್ಲಿ ಇಟ್ಟುಕೊಳ್ಳುವವರಲ್ಲ. ಅವರು ಅದನ್ನು ಸಿಟ್ಟಿನ ಮೀಟರು ಅಂದರು, ಅದೇ ನಿಂತಿತು. ಅಂಗೈಯಗಲದ ಬಿಳಿ ಡಬ್ಬಿಗಳು ಕಾರ್ಖಾನೆಯ ಚಾವಣಿಯ ತುಂಬ ಅಂಟಿಕೊಂಡಿದ್ದವು. ಮಾತು ಕದ್ದು ಕೇಳುವುದು ಆ ಹೊತ್ತಿಗೆ ಕಾನೂನಿನ ಪ್ರಕಾರ ಅಪರಾಧವಾಗಿದ್ದರಿಂದ ಈ ಡಬ್ಬಿಗಳಿಗೆ ಮಾತು ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದದ್ದು ನಡುಕ ಮಾತ್ರ. ಸಿಟ್ಟು ಬಂದರೆ ಗಂಟಲು ಬಿಗಿಯುತ್ತದೆ, ದನಿಯೊಳಗೆ ಕಿವಿಗೆ ಸಿಕ್ಕದಷ್ಟು ಸಣ್ಣ ಅದುರು ಹುಟ್ಟುತ್ತದೆ, ಹೆಜ್ಜೆ ಭಾರವಾಗುತ್ತದೆ, ಕೈಯಲ್ಲಿನ ಸಾಮಾನು ಇಡುವ ಬದಲು ಎಸೆದ ಹಾಗಾಗುತ್ತದೆ. ಇದನ್ನೆಲ್ಲ ಕೂಡಿಸಿ ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಕೊಡುವುದು ಶಮನದ ಕೆಲಸ. ಅರವತ್ತೈದು ದಾಟಿದರೆ ಮುಷ್ಕರದ ಭಯ. ಎಪ್ಪತ್ತೈದಕ್ಕೆ ಗೇಟು ತಾನೇ ಬೀಗ ಹಾಕಿಕೊಂಡು ಪೊಲೀಸ್ ಠಾಣೆಗೆ ಕರೆ ಹೋಗುತ್ತಿತ್ತು. ಎಲ್ಲೆಲ್ಲಿಯದೋ ದೂರದೇಶದ ಎರಡು ಸಾವಿರ ಕಾರ್ಖಾನೆಗಳ ಸಿಟ್ಟನ್ನು ಕೇಳಿ ಕೇಳಿ ಅದು ಪಾಠ ಕಲಿತಿತ್ತಂತೆ.

ಪಾಠ ಪೂರ್ತಿ ಆಗಿರಲಿಲ್ಲ ಅನ್ನುವುದು ಮೊದಲ ತಿಂಗಳಲ್ಲೇ ಗೊತ್ತಾಗಿತ್ತು. ಇಡೀ ಕಾರ್ಖಾನೆಯ ಅತಿ ಕೋಪಿಷ್ಠ ಕಾರ್ಮಿಕ ಮೋಲ್ಡಿಂಗ್ ಶಾಪಿನ ಬಡಗಣ ಮೂಲೆಯಲ್ಲಿದ್ದಾನೆ ಅಂತ ಮೀಟರು ತೋರಿಸಿತು. ಕಸ್ತೂರಿ ಹೋಗಿ ನೋಡಿದರೆ ಅಲ್ಲಿ ಮನುಷ್ಯರೇ ಇಲ್ಲ. ಗಾಳಿ ಊದುವ ಹಳೇ ಬ್ಲೋವರೊಂದು ಬೇರಿಂಗು ಸವೆದು ಗುರುಗುಡುತ್ತಿತ್ತು. ಬೇರಿಂಗು ಬದಲಿಸಿದ ಮೇಲೆ ಕಾರ್ಖಾನೆಯ ಸಿಟ್ಟು ನಾಲ್ಕು ಅಂಕಿ ಇಳಿಯಿತು. ಬ್ಲೋವರಿಗೆ ಸಿಟ್ಟು ಬಂದ ಕಥೆಯನ್ನು ಜನ ವಾರಗಟ್ಟಲೆ ಹೇಳಿಕೊಂಡು ನಕ್ಕರು. "ಯಂತ್ರದ ಸದ್ದು ಸೋಸಿ ಬಿಸಾಕ್ರೀ. ಮನುಷ್ಯರ ಸಿಟ್ಟು ಸಾಕು ನಮಗೆ," ಅಂದಿದ್ದ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಚಂದ್ರಚೂಡ. ಕಸ್ತೂರಿ ಸೋಸಿ ಬಿಸಾಕಿದಳು.

ಆಮೇಲೆ ಮಾಂದ್ಯ ಬಂತು. ಹೊರದೇಶದ ಗಿರಾಕಿಗಳು ಒಬ್ಬೊಬ್ಬರಾಗಿ ಕೈಯೆತ್ತಿದರು. ತಯಾರಾದ ಪಂಪುಗಳು ಅಂಗಳದಲ್ಲಿ ತಾಡಪತ್ರಿ ಹೊದ್ದು ಮಲಗಿದವು. ಆಗ ಮೀಟರಿನ ನಿಜವಾದ ಉಪಯೋಗ ಏನು ಅಂತ ಕಸ್ತೂರಿಗೆ ತಿಳಿಯಿತು. ಹಂಚಿಗೆ ನೀರು ಚಿಮುಕಿಸಿ ಕಾವು ನೋಡಿ ದೋಸೆ ಹೊಯ್ಯುವ ಹಾಗೆ, ಅಂಕಿ ನೋಡಿ ನೋಡಿ ಚಂದ್ರಚೂಡ ಜನರನ್ನು ಮನೆಗೆ ಕಳಿಸತೊಡಗಿದ. ಮೊದಲು ಹದಿನೆಂಟು. ಸಿಟ್ಟು ಐವತ್ತಕ್ಕೆ ಏರಿತು, ಕಾಯ್ದರು, ಇಳಿಯಿತು. ಮತ್ತೆ ಇಪ್ಪತ್ತೆರಡು. ಪ್ರತಿ ಸಲವೂ "ಈಗ ಆದೀತು" ಅನ್ನುವ ಅಂಕಿಯನ್ನು ಹೇಳಿದವಳು ಕಸ್ತೂರಿಯೇ. ಸುರಕ್ಷತೆಯ ಕೆಲಸ ಅಂತ ಹೇಳಿ ಅವಳನ್ನು ಸೇರಿಸಿಕೊಂಡಿದ್ದರು. ಅವಳಿಗೆ ನಾಚಿಕೆಯಾಗುತ್ತಿತ್ತು, ಆದರೆ ಹೇಳುವುದನ್ನು ನಿಲ್ಲಿಸಿರಲಿಲ್ಲ.

"ಹನ್ನೊಂದು!" ಬೆನ್ನ ಹಿಂದೆ ಬಂದು ನಿಂತ ಚಂದ್ರಚೂಡ ಚಪ್ಪಾಳೆ ತಟ್ಟಿದ. "ರೆಕಾರ್ಡ್ ಕಣ್ರೀ ಇದು! ಜನ ಒಪ್ಕೊಂಡ್ಬಿಟ್ಟಿದಾರೆ. ಇನ್ನು ಇಪ್ಪತ್ತು ಇಪ್ಪತ್ತು ಅಂತ ಎಳೆಯೋದ್ಯಾಕೆ? ಗುರುವಾರ ಮಧ್ಯಾಹ್ನ ಎರಡಕ್ಕೆ ನೂರಾ ನಲವತ್ತು ಹೆಸರೂ ಒಟ್ಟಿಗೆ ಹಾಕ್ಬಿಡೋಣ."

ಆ ಪಟ್ಟಿಯನ್ನು ಕಸ್ತೂರಿ ನೋಡಿದ್ದಳು. ಅರವತ್ಮೂರನೆಯ ಹೆಸರು ಫಕ್ಕೀರಪ್ಪನದು. ಆತ ಮೋಲ್ಡಿಂಗ್ ಶಾಪಿನಲ್ಲಿ ಮೂವತ್ತೊಂದು ವರ್ಷ ಮರಳಿನಲ್ಲಿ ಅಚ್ಚು ಕಟ್ಟಿದವ. ಅವಳ ಸೋದರಮಾವ. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಏಳು ವರ್ಷದ ಕಸ್ತೂರಿಯನ್ನು ಹೆಗಲ ಮೇಲೆ ಕೂಡಿಸಿಕೊಂಡು ತನ್ನ ಮನೆಗೆ ತಂದವನೂ ಅವನೇ.

ಆ ಸಂಜೆ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತರು. ರೊಟ್ಟಿ, ಬದನೆಕಾಯಿ ಪಲ್ಯ. ಫಕ್ಕೀರಪ್ಪ ತಲೆ ತಗ್ಗಿಸಿ ಉಂಡ. ಏಳುವಾಗ, "ಪಲ್ಯ ಭಾಳ ರುಚಿ ಆಗಿತ್ತು," ಅಂದ.

ಅತ್ತೆ ದ್ಯಾಮವ್ವನ ಕೈಯಲ್ಲಿನ ಬುಟ್ಟಿ ಅಲ್ಲೇ ನಿಂತಿತು. ಫಕ್ಕೀರಪ್ಪನ ಊಟವೆಂದರೆ ಅರ್ಧ ರೊಟ್ಟಿ, ಅರ್ಧ ಬೈಗಳು. ಖಾರ ಹೆಚ್ಚಾಯಿತು, ಉಪ್ಪು ಕಡಿಮೆಯಾಯಿತು, ಹಿಟ್ಟು ಹಳತಾಯಿತು ಅಂತ ಇಪ್ಪತ್ತೊಂಬತ್ತು ವರ್ಷ ಒಂದು ಹೊತ್ತೂ ತಪ್ಪದೆ ತಕರಾರು ತೆಗೆದವನು. ದ್ಯಾಮವ್ವನೂ ಅಷ್ಟೇ ಜೋರಾಗಿ ತಿರುಗಿ ಬೈಯುತ್ತಿದ್ದಳು. ಆ ಮನೆಯಲ್ಲಿ ಪ್ರೀತಿ ನಡೆಯುತ್ತಿದ್ದದ್ದೇ ಹಾಗೆ.

ಕಸ್ತೂರಿ ಮಾವನ ಲೋಟಕ್ಕೆ ನೀರು ಹಾಕಿದಳು. ಅವನು ಅದನ್ನು ಮುಟ್ಟದೆ ಎದ್ದು ಹೋಗಿ, ಕೊಡದಿಂದ ತಾನೇ ಬಗ್ಗಿಸಿಕೊಂಡು ಕುಡಿದು ಹೊರಗೆ ಹೋದ.

ಅಡುಗೆಮನೆಯಲ್ಲಿ ದ್ಯಾಮವ್ವ ಅವಳ ಕೈ ಹಿಡಿದಳು. "ನನಗ ಹೆದರಿಕಿ ಬರಾಕತ್ತೈತಿ, ಕಸ್ತೂರಿ. ಅವ ಬೈದ್ರ ಎಲ್ಲಾ ಸರಿ ಐತಿ ಅಂತ ತಿಳ್ಕೋತೀನಿ ನಾನು. ಹಿಂಗ ಸುಮ್ಮನಾಗಿದ್ದು ಒಮ್ಮೆ ಅಷ್ಟ, ಅವರಣ್ಣ ಮೋಸ ಮಾಡ್ದಾಗ. ಒಂದ್ ಮಾತು ಬೈಲಿಲ್ಲ. ಹದಿನಾಕು ವರ್ಷ ಆತು ನೋಡು, ಇವತ್ತಿಗೂ ಆ ಮನಿ ನೀರು ಮುಟ್ಟಿಲ್ಲ."

ಮರುದಿನ ಹತ್ತು ಗಂಟೆಗೆ ಕಸ್ತೂರಿ ಡಬ್ಬಿ ಪರೀಕ್ಷೆಯ ನೆಪ ಮಾಡಿಕೊಂಡು ಮೋಲ್ಡಿಂಗ್ ಶಾಪಿಗೆ ಹೋದಳು. ಅದು ಕಂಪನಿಯ ಚಹಾ ಬರುವ ಹೊತ್ತು. ಎಂದಿನ ದಿನವಾಗಿದ್ದರೆ ಅಲ್ಲಿ ಕಿವಿ ಮುಚ್ಚಿಕೊಳ್ಳಬೇಕು: ಒಬ್ಬರ ಬುತ್ತಿ ಇನ್ನೊಬ್ಬರು ಕಸಿಯುವುದು, ಹಿರಿಯರನ್ನೆಲ್ಲ ಸೇರಿಸಿ ಬೈಯುವುದು, ಬೆನ್ನಿಗೆ ಗುದ್ದುವುದು. ಇಂದು ಮರಳು ಜರಡಿಯಾಡುವ ಸದ್ದೊಂದೇ ಇತ್ತು. ಚಹಾದವನು ಬಂದ, ಕ್ಯಾನು ಇಟ್ಟ, ಸ್ವಲ್ಪ ಹೊತ್ತು ನಿಂತ, ಕ್ಯಾನು ಎತ್ತಿಕೊಂಡ.

"ಮೂರು ದಿನಾ ಆತು, ಅಕ್ಕಾರ," ಅವನು ದನಿ ತಗ್ಗಿಸಿದ. "ಯಾರೂ ಕುಡೀವಲ್ರು. ನೀರೂ ಮನಿಯಿಂದನ ತರ್ತಾರ. ಏನಾತ್ರಪಾ ಅಂತ ಕೇಳಿದ್ರ, ಏನಿಲ್ಲ, ನೀವು ಒಯ್ರಿ ಅಂತಾರ. ಹಿತ್ತಲಕ್ಕ ಚೆಲ್ಲಾಕತ್ತೀನಿ."

ಕಸ್ತೂರಿಗೆ ಅರ್ಥವಾಯಿತು. ಈ ಸೀಮೆಯಲ್ಲಿ ಕೂಗಾಡುವವರು ಸಂಬಂಧ ಇಟ್ಟುಕೊಂಡವರು. ಸಂಬಂಧ ಕಡಿದುಕೊಂಡವರು ಕೂಗಾಡುವುದಿಲ್ಲ, ಮರ್ಯಾದೆಯಿಂದಲೇ ಮಾತಾಡುತ್ತಾರೆ, ನೀರು ಮಾತ್ರ ಮುಟ್ಟುವುದಿಲ್ಲ. ದೂರದೇಶದ ಎರಡು ಸಾವಿರ ಕಾರ್ಖಾನೆಗಳು ಆ ಯಂತ್ರಕ್ಕೆ ಇದನ್ನು ಹೇಳಿಕೊಟ್ಟಿರಲಿಲ್ಲ. ಹನ್ನೊಂದು ಅಂದರೆ ತಂಪಲ್ಲ, ಇನ್ನು ಮಾತಾಡುವುದೇ ಉಳಿದಿಲ್ಲ ಅಂತ. ನಿನ್ನೆ ಮಾವ ಯಾರ ಕೈಯ ನೀರು ಬಿಟ್ಟು ಎದ್ದ ಅನ್ನುವುದೂ ಆಗಲೇ ಅವಳಿಗೆ ಹೊಳೆದದ್ದು.

ಹೊರಡುವಾಗ ಗೋಡೆಯ ಹಲಗೆ ಕಣ್ಣಿಗೆ ಬಿತ್ತು. ಗುರುವಾರ ಮಧ್ಯಾಹ್ನ ಭಟ್ಟಿ ತುಂಬ ಕಬ್ಬಿಣ ಕರಗಿಸಬೇಕು ಅಂತ ಬರೆದಿತ್ತು. ಹೊಯ್ಯಲು ಎಷ್ಟು ಅಚ್ಚು ಅನ್ನುವ ಜಾಗ ಖಾಲಿ. ನೆಲದ ಮೇಲೂ ಒಂದೇ ಒಂದು ಅಚ್ಚು ಕಟ್ಟಿರಲಿಲ್ಲ. ಕಬ್ಬಿಣ ಕರಗಿದ ಮೇಲೆ ಹೊಯ್ಯದೆ ಬಿಟ್ಟರೆ ಅದು ಭಟ್ಟಿಯೊಳಗೇ ಗಟ್ಟಿಯಾಗುತ್ತದೆ. ಭಟ್ಟಿ ಒಡೆದು ಕೆಲಸಕ್ಕೆ ಬಾರದೆ ಹೋಗುತ್ತದೆ. ಹೊಸದು ತರುವ ಶಕ್ತಿ ಈ ಮಾಂದ್ಯದಲ್ಲಿ ಕಂಪನಿಗಿಲ್ಲ. ನೂರಾ ನಲವತ್ತಲ್ಲ, ಮುನ್ನೂರಾ ಹತ್ತು ಜನರ ಅನ್ನಕ್ಕೂ ಅಂದೇ ಕಲ್ಲು ಬೀಳುತ್ತದೆ.

ಬುಧವಾರ ಸಂಜೆ ಜಗಲಿಯ ಮೇಲೆ ಅವಳು ಮಾವನ ಎದುರು ಕೂತು ಭಟ್ಟಿಯ ವಿಷಯ ಕೇಳಿಯೇಬಿಟ್ಟಳು. ಅವನು ಅಲ್ಲಗಳೆಯಲಿಲ್ಲ. ದನಿ ಏರಿಸಲೂ ಇಲ್ಲ. ಬೀಗರ ಹತ್ತಿರ ಮಾತಾಡಿದಷ್ಟು ಮೆಲ್ಲಗೆ ಹೇಳಿದ.

"ದೊಡ್ಡ ಸಾವುಕಾರ್ರು ಇದ್ದಾಗ ಕೆಲಸ ಕಮ್ಮಿ ಆದ್ರ ಬಂದು ಮರಳಿನ ಮ್ಯಾಲೆ ಕುಂದ್ರತಿದ್ರು. ಹಿಂಗಾಗೈತಿ, ಏನ್ ಮಾಡೂಣು ಅಂತ ಕೇಳ್ತಿದ್ರು. ಈಗ ಅವರ ಮಗ ಮ್ಯಾಲೆ ಕುಂತು ನಮ್ಮ ಸಿಟ್ಟು ಅಳೀತಾನ. ಎಷ್ಟು ಮಂದೀನ ಕಡದ್ರ ಇವರು ಒದರೂದಿಲ್ಲ ಅಂತ ಲೆಕ್ಕಾ ಹಾಕ್ತಾನ. ನೂರಾ ನಲವತ್ತು ಹೆಸರಿನ ಪಟ್ಟಿ ಸುದ್ದಿ ನಮಗೂ ಮುಟ್ಟೈತಿ. ನಾವೇನು ದನಾ ಏನವಾ? ಒಬ್ಬರರ ಬಂದು ಒಂದ್ ಮಾತು ಕೇಳ್ಯಾರೇನು?"

"ಉಳದವರದೂ ಹೋಗ್ತೈತಲ್ಲ, ಮಾವ."

"ಹೋಗ್ಲಿ. ನೀ ನಿಮ್ಮ ಮೀಟರಿಗೆ ಹೇಳು ಹೋಗು."

ಅಷ್ಟಂದು ಅವನು ಎದ್ದ. ಕಸ್ತೂರಿ ಅಲ್ಲೇ ಕೂತು ಅತ್ತಳು. ಭಟ್ಟಿಯ ಸುದ್ದಿ ಹೇಳಿದರೆ ಪೊಲೀಸರು ಮಾವನನ್ನು ಎಳೆದುಕೊಂಡು ಹೋಗುತ್ತಾರೆ. ಹೇಳದಿದ್ದರೆ ಕಾರ್ಖಾನೆಯೇ ಹೋಗುತ್ತದೆ. ಅವಳು ಹೇಳಬಹುದಾದದ್ದು ಒಂದೇ ಉಳಿದಿತ್ತು.

ಗುರುವಾರ ಬೆಳಿಗ್ಗೆಯಿಂದ ಮಾಲೀಕ ನಿರಂಜನ ಹೊಸಕೋಟಿ ಮೀಟಿಂಗಿನಲ್ಲಿದ್ದ. ಕಸ್ತೂರಿಗೆ ಅವನು ಸಿಕ್ಕದ್ದು ಒಂದು ಗಂಟೆಗೆ, ಕಂಟ್ರೋಲ್ ರೂಮಿನಲ್ಲೇ. ಪಟ್ಟಿ ಹಾಕುವ ಮುಂಚೆ ಅಂಕಿಯನ್ನು ಕಣ್ಣಾರೆ ನೋಡಲು ಬಂದಿದ್ದ. ನಲವತ್ತೆರಡು ವರ್ಷ, ಎರಡು ತಿಂಗಳ ನಿದ್ದೆಗೆಟ್ಟ ಮುಖ. ಒಂದು ವರ್ಷದಿಂದ ಶಾಪಿನೊಳಗೆ ಕಾಲಿಟ್ಟಿರಲಿಲ್ಲ. ಜನರ ಮುಖ ನೋಡಲು ಧೈರ್ಯ ಸಾಲದವನಿಗೆ ಅಂಕಿ ನೋಡುವುದು ಸುಲಭವಾಗಿತ್ತು.

"ಒಂಬತ್ತು ಸರ್," ಚಂದ್ರಚೂಡ ಹೆಮ್ಮೆಯಿಂದ ತೋರಿಸಿದ.

"ಸಾಹೇಬ್ರ," ಕಸ್ತೂರಿ ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. "ಈ ಮೀಟರಿನ್ಯಾಗ ಚಹಾ ಕಾಣಸೂದಿಲ್ರಿ."

"ಏನು ಚಹಾ?"

"ಕಂಪನಿ ಚಹಾರೀ. ಮೋಲ್ಡಿಂಗಿನವರು ಕುಡೀವಲ್ರು. ನೀರೂ ಮುಟ್ಟವಲ್ರು. ಇವತ್ತಿಗೆ ಐದು ದಿನಾ ಆತ್ರಿ."

ಚಂದ್ರಚೂಡ ನಕ್ಕ. "ಶುಗರ್ ಇರ್ಬೇಕು ಬಿಡ್ರೀ ಎಲ್ಲರಿಗೂ."

ನಿರಂಜನ ನಗಲಿಲ್ಲ. ಅವನೂ ಈ ಮಣ್ಣಿನವನೇ. "ನಮ್ಮಜ್ಜಿ ತನ್ನ ತವರಮನಿ ನೀರು ಸಾಯೂತನಕ ಮುಟ್ಟಲಿಲ್ಲ," ಅಂತ ಯಾರಿಗೆಂದಿಲ್ಲದೆ ಹೇಳಿದ. ಆಮೇಲೆ ಪಟ್ಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡು, ಚಂದ್ರಚೂಡ ಬೇಡ ಬೇಡ ಅನ್ನುತ್ತಿದ್ದರೂ ಮೆಟ್ಟಿಲಿಳಿದು ಅಂಗಳ ದಾಟಿ ಶಾಪಿನೊಳಗೆ ಹೋದ.

ಪರದೆಯ ಮೇಲೆ ಒಂಬತ್ತು ಹದಿನಾಲ್ಕಾಯಿತು. ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ನಂತರ ಮೂವತ್ತೊಂದು. ಒಮ್ಮೆಲೇ ಐವತ್ತು. ತೆರೆದ ಕಿಟಕಿಯಿಂದ, ಇಡೀ ಅಂಗಳ ದಾಟಿ, ಕಸ್ತೂರಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ದನಿ ಬಂತು.

"ಈಗ ಬಂದೀ ಏನಲೇ ನಿರಂಜ್ಯಾ! ನಿಮ್ಮಪ್ಪ ಇದ್ದಿದ್ರ ನಿನ್ನ ಕಪಾಳಕ್ಕ ಕೊಡತಿದ್ದ! ಮ್ಯಾಲೆ ಡಬ್ಬಿ ಹಚ್ಚಿ ನಮ್ಮ ಸಿಟ್ಟು ನೋಡ್ತೀ? ಬಾ, ಕಣ್ಣ ತೆರದ ನೋಡ ಬಾ!"

ಅವನ ಹಿಂದೆ ಇನ್ನೊಂದು ದನಿ, ಮತ್ತೊಂದು, ಆಮೇಲೆ ಎಲ್ಲವೂ ಸೇರಿ ಒಂದೇ ಹುಯಿಲು. ಐದು ದಿನ ಕಟ್ಟಿಟ್ಟದ್ದೆಲ್ಲ ಹೊರಗೆ ಬಿತ್ತು. ಅರವತ್ತೆರಡು. ಅರವತ್ತೆಂಟು.

"ಎಪ್ಪತ್ತೈದಕ್ಕೆ ಗೇಟ್ ಲಾಕ್ ಆಗುತ್ತೆ, ಪೊಲೀಸ್ ಬರ್ತಾರೆ. ದೇವರು ದೊಡ್ಡವನು," ಚಂದ್ರಚೂಡ ಬೆವರು ಒರೆಸಿಕೊಂಡ.

ಪೊಲೀಸರು ಬಂದರೆ ಈಗಷ್ಟೇ ತೆರೆದ ಬಾಯಿಗಳು ಮುಚ್ಚುತ್ತವೆ, ಮತ್ತೆ ತೆರೆಯುವುದಿಲ್ಲ. ಕಸ್ತೂರಿ ಎದ್ದಳು. ಎಪ್ಪತ್ತೊಂದು. ಮೇಜಿನ ಕೆಳಗೆ ಬಗ್ಗಿ ಮೀಟರಿನ ದಪ್ಪ ಕಪ್ಪು ವಾಯರನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತಳು. ಎಪ್ಪತ್ಮೂರರಲ್ಲಿ ಪರದೆ ಆರಿತು.

"ಏನ್ ಮಾಡಿದ್ರೀ! ನಿಮ್ಮ ಕೆಲಸ ಹೋಯ್ತು ಅಂತ ತಿಳ್ಕೊಳ್ಳಿ!"

"ಹೋಗ್ಲಿ ಬಿಡ್ರಿ ಸರ್. ನೂರಾ ನಲವತ್ತೊಂದನೇ ಹೆಸರು ನಂದು ಬರ್ಕೋರಿ," ಅಂದು ಕಸ್ತೂರಿ ಓಡಿದಳು.

ಶಾಪಿನಲ್ಲಿ ನಿರಂಜನ ಗೋಡೆಗೆ ಒರಗಿರಲಿಲ್ಲ, ನಡುವೆಯೇ ನಿಂತಿದ್ದ. ಯಾರೂ ಅವನ ಮೈ ಮುಟ್ಟಿರಲಿಲ್ಲ. ಪಟ್ಟಿ ನಾಲ್ಕು ತುಂಡಾಗಿ ಅವನ ಕೈಯಲ್ಲೇ ಇತ್ತು. "ತಪ್ಪಾತು," ಅನ್ನುತ್ತಿದ್ದ. "ಬರಲಿಕ್ಕೆ ನಾಚಿಕಿ ಆತು ಫಕ್ಕೀರಣ್ಣ. ಏನಂತ ಹೇಳ್ಲಿ ನಿಮಗ ಅಂತ ಬರಲಿಲ್ಲ." ಫಕ್ಕೀರಪ್ಪ ಅದಕ್ಕೂ ಬೈದ. ಬೈಯುತ್ತ ಬೈಯುತ್ತ ಅವನ ಕಣ್ಣು ಭಟ್ಟಿಯ ಕಡೆ ಹೊರಳಿತು, ಬೈಗಳು ಅರ್ಧಕ್ಕೇ ನಿಂತಿತು. ಶಾಪಿನವರು ಆಗಲೇ ಭಟ್ಟಿಯ ಕರೆಂಟು ತೆಗೆದು, ಫ್ಯೂಸು ಕಿತ್ತು ಎಲ್ಲಿಗೋ ಎಸೆದಿದ್ದರು. ಬೆಳ್ಳಗೆ ಕುದಿಯುತ್ತಿದ್ದ ಕಬ್ಬಿಣ ಕೆಂಪಗಾಗಿ ಹಾಲಿನ ಹಾಗೆ ಕೆನೆಗಟ್ಟತೊಡಗಿತ್ತು. ನಿರಂಜನನಿಗೂ ಅದು ಕಂಡಿತು. ಏನು ನಡೆಯಲಿತ್ತು ಅಂತಲೂ ತಿಳಿಯಿತು.

"ಲೇ, ಭಟ್ಟಿ ಸಾಯಾಕತ್ತೈತಿ!" ಫಕ್ಕೀರಪ್ಪ ಒದರಿದ. "ಮೊದಲ ಕಬ್ಬಿಣ ಹೊಯ್ಯರಿ, ಆಮ್ಯಾಲೆ ಬೈಯೂಣಂತ!"

ಅಚ್ಚು ಇರಲಿಲ್ಲ. ನೆಲದ ಮರಳಿನಲ್ಲಿ ಕೈಯಿಂದಲೇ ಕಾಲುವೆ ತೋಡತೊಡಗಿದರು. ಸಲಿಕೆ ಸಿಕ್ಕವರು ಸಲಿಕೆಯಿಂದ, ಉಳಿದವರು ಉಗುರಿನಿಂದ. ನಿರಂಜನನೂ ಮೊಣಕಾಲೂರಿ ತೋಡಿದ. "ಆಳ ಸಾಲದು, ಇನ್ನಷ್ಟು ತೋಡಲೇ ದಡ್ಡ," ಅಂತ ಯಾರೋ ಅವನಿಗೇ ಬೈದರು. ಆರು ಜನ ಕೈಚಕ್ರ ತಿರುಗಿಸಿ ಭಟ್ಟಿಯನ್ನು ವಾಲಿಸಿದರು. ಫಕ್ಕೀರಪ್ಪ ಉದ್ದ ಸಲಾಕೆಯಿಂದ ಕೆನೆ ಒಡೆದ. ಕಬ್ಬಿಣ ತಡೆದು ತಡೆದು, ಆಮೇಲೆ ಧಾರೆಯಾಗಿ ಕಾಲುವೆಗೆ ಇಳಿಯಿತು. ಭಟ್ಟಿ ಉಳಿಯಿತು.

ಮರಳಿನ ಮೇಲೆ ಕೂತು ಅವರು ಸಂಜೆಯವರೆಗೆ ಜಗಳಾಡಿದರು. ನಿರಂಜನ ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಕೈಯಲ್ಲಿರುವ ಕೆಲಸ ಅರ್ಧಕ್ಕಷ್ಟೇ ಸಾಕು. ಹಾಗಾದರೆ ಇರುವ ಕೆಲಸವನ್ನು ಎಲ್ಲರೂ ಹಂಚಿಕೊಳ್ಳೋಣ, ವಾರಕ್ಕೆ ಮೂರು ದಿನ, ಸಾಹೇಬರಿಗೂ ಮೂರೇ ದಿನದ ಪಗಾರ ಅಂತ ಗಲಾಟೆಯ ನಡುವೆ ಯಾರೋ ಅಂದರು. ಮೂರು ದಿನದಲ್ಲಿ ಮನೆ ನಡೆಯುವುದು ಹೇಗೆ ಅಂತ ಇನ್ನೊಬ್ಬರು. ಚಾವಣಿಯ ಡಬ್ಬಿ ಮೊದಲು ಕಿತ್ತು ಎಸೆಯಿರಿ ಅಂತ ಮತ್ತೊಬ್ಬರು.

"ಪಾಪ, ಅದೂ ಒಮ್ಮೆ ಖರೇ ಹೇಳೈತಿ," ಫಕ್ಕೀರಪ್ಪ ಬೆವರು ಒರೆಸಿಕೊಂಡ. "ಬ್ಲೋವರಿಗೆ ಸಿಟ್ಟು ಬಂದಿದ್ದು ಅದಕ್ಕೊಂದಕ್ಕ ತಿಳೀತು ನೋಡ್ರಿ."

ಎಲ್ಲರೂ ನಕ್ಕರು. ಕಸ್ತೂರಿ ನಗಲಿಲ್ಲ. ಅವಳ ತಲೆಯಲ್ಲಿ ಏನೋ ಥಟ್ಟನೆ ಕೂಡಿಕೊಂಡಿತು.

"ಸಾಹೇಬ್ರ, ಅದು ಕೇಳೂದು ನಡುಕ ಅಷ್ಟರೀ," ಅಂದಳು. "ಗಂಟಲಿಂದಾದ್ರೇನು, ಬೇರಿಂಗಿಂದಾದ್ರೇನು? ನಾವು ಯಂತ್ರದ್ದನ್ನ ಸೋಸಿ ಚೆಲ್ಲೀವಿ. ಇನ್ನ ಮನುಷ್ಯಾರದ್ದು ಚೆಲ್ಲೂಣು, ಯಂತ್ರದ್ದು ಇಟ್ಕೊಳ್ಳೂಣು. ನಮ್ಮ ಪಂಪು ಎಷ್ಟು ಊರಾಗ ಕುಡಿಯೋ ನೀರು ಎತ್ತಾಕತ್ತಾವು? ಕೆಟ್ಟು ಸುಟ್ಟ ಮ್ಯಾಲೇ ಗೊತ್ತಾಗೂದು. ಈ ಡಬ್ಬಿ ಹದಿನೈದು ದಿನಾ ಮೊದಲ ಹೇಳ್ತೈತ್ರಿ."

ಮುಂದಿನದೆಲ್ಲ ಒಂದು ದಿನದಲ್ಲಿ ಆದದ್ದಲ್ಲ, ಹೇಳಿದಷ್ಟು ಸಲೀಸಾಗಿಯೂ ಆಗಲಿಲ್ಲ. ಡಬ್ಬಿಗಳು ಚಾವಣಿಯಿಂದ ಇಳಿದು ಮೋಟಾರ್ ಸೈಕಲ್ಲಿನ ಪೆಟ್ಟಿಗೆ ಸೇರಿದವು. ಮೂರು ದಿನ ಅಚ್ಚು ಕಟ್ಟುವ ಕೈಗಳು ಉಳಿದ ದಿನ ಊರೂರಿನ ನೀರಿನ ಸ್ಥಾವರಗಳಲ್ಲಿ ಪಂಪುಗಳ ನಾಡಿ ನೋಡಿದವು. ಸವೆದ ಭಾಗ ಇಲ್ಲೇ ಎರಕ ಹೊಯ್ದು ಕೊಟ್ಟವು. ಮೊದಲೇ ಹೊರಹಾಕಿದ್ದ ನಲವತ್ತು ಜನರಿಗೆ ನಿರಂಜನ ತಾನೇ ಮನೆಮನೆಗೆ ಹೋಗಿ ಹೇಳಿದ, ಇಪ್ಪತ್ತಾರು ಮಂದಿ ಮರಳಿದರು. ಪಗಾರ ಇನ್ನೂ ಮೊದಲಿನಷ್ಟಾಗಿಲ್ಲ. ಚಂದ್ರಚೂಡ ಬೇರೆ ಊರಿನ ಕಾರ್ಖಾನೆ ಸೇರಿದ. ಒಂದು ದಿನ ಅಲ್ಲಿಂದ ಫೋನು ಮಾಡಿ, "ಇಲ್ಲಿ ಎಂಟು ತೋರಿಸ್ತಿದೆ ಕಣ್ರೀ, ಏನ್ ಮಾಡ್ಲಿ?" ಅಂತ ಕೇಳಿದ. "ಕೆಳಗಿಳಿದು ಹೋಗ್ರಿ ಸರ್, ಚಹಾ ಕುಡದಾರೇನ್ ಕೇಳ್ರಿ," ಅಂದಳು ಕಸ್ತೂರಿ.

ಆದರೆ ಅವಳ ಮನಸ್ಸಿನಲ್ಲಿ ಉಳಿದದ್ದು ಆ ಗುರುವಾರದ ಸಂಜೆ. ಮೈಯೆಲ್ಲ ಮಸಿ, ಉಗುರಿನ ತುಂಬ ಮರಳು. ಮಾವ ಸೊಸೆ ಇಬ್ಬರೂ ದಾರಿಯುದ್ದಕ್ಕೂ ಮಾತಾಡದೆ ಮನೆಗೆ ಬಂದರು. ದ್ಯಾಮವ್ವ ಹೆದರಿಕೊಂಡೇ ಬಡಿಸಿದಳು. ಫಕ್ಕೀರಪ್ಪ ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗಿಟ್ಟ. ಅಗಿಯುವುದು ನಿಂತಿತು.

"ಇದಕ್ಕ ಪಲ್ಯ ಅಂತಾರೇನು? ಉಪ್ಪು ಯಾವ ಊರಿಗೆ ಕಳಿಸೀ?"

"ಉಪ್ಪಿನ ಡಬ್ಬಿ ತಂದು ತಲೀ ಮ್ಯಾಲೆ ಸುರೀಲೇನು?" ಅಂದ ದ್ಯಾಮವ್ವನ ದನಿ ಒಡೆಯಿತು. ಅವಳು ಮುಖ ತಿರುಗಿಸಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಸ್ತೂರಿ ಬಾಗಿಲಲ್ಲಿ ನಿಂತೇ ಇದ್ದಳು. ಒಳಗೆ ಬರಲು ಧೈರ್ಯವಿರಲಿಲ್ಲ. ಫಕ್ಕೀರಪ್ಪ ಅವಳ ಕಡೆ ತಿರುಗಿ ಹುಬ್ಬು ಗಂಟಿಕ್ಕಿದ.

"ಏ ಹುಚ್ಚಿ, ಏನ್ ನೋಡ್ಕೋತ ನಿಂತೀ? ಗಂಟಲ ಹಿಡ್ಯಾಕತ್ತೈತಿ ಇಲ್ಲಿ. ನೀರು ತಾ."

ಅವಳು ಓಡಿ ಹೋಗಿ ತಂದಳು. ಅವನು ಲೋಟ ಕೆಳಗಿಡಿಸದೆ ಅವಳ ಕೈಯಿಂದಲೇ ತೆಗೆದುಕೊಂಡು ಒಂದೇ ಉಸಿರಿಗೆ ಕುಡಿದು, "ಇನ್ನಷ್ಟು ಹಾಕು," ಅಂತ ಮತ್ತೆ ಚಾಚಿದ.